ಕಿರುಬೆರಳು ಮುಟ್ಟದ ದಾರಿ

ಹಳೆಯ ಕಂಪ್ಯೂಟರು ಕೊಳ್ಳಲು ಅಂಗಡಿಗೆ ಬಂದವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಪರದೆ ನೋಡಬೇಡಿ, ಕಿವಿ ಹಚ್ಚಿ ಒಳಗಿನ ಫ್ಯಾನಿನ ಸದ್ದು ಕೇಳಿ. ಪರದೆಯನ್ನು ಯಾರು ಬೇಕಾದರೂ ಒರೆಸಿ ಇಟ್ಟಿರುತ್ತಾರೆ. ಫ್ಯಾನು ಗೊರಗುಟ್ಟುತ್ತಿದ್ದರೆ ಎದ್ದು ಹೋಗಿ, ಅದು ನನ್ನ ಅಂಗಡಿಯಾದರೂ ಸರಿ. ಇಷ್ಟು ಹೇಳಿದ ಮೇಲೆ ಗಿರಾಕಿ ಎದ್ದು ಹೋಗುವುದಿಲ್ಲ ಎಂಬುದು ನನಗೆ ಗೊತ್ತು.

ಬೈಲಹೊಂಗಲದ ಪೇಟೆಯಲ್ಲಿ ಎರಡು ಬಾಗಿಲಿನ ಅಂಗಡಿ ನನ್ನದು. ಹುಬ್ಬಳ್ಳಿ, ಬೆಳಗಾವಿಯ ಆಫೀಸುಗಳು ತೆಗೆದುಹಾಕಿದ ಯಂತ್ರಗಳನ್ನು ಚೌಕಾಶಿ ಮಾಡಿ ತರುತ್ತೇನೆ. ಧೂಳು ಹೊಡೆದು, ಲಿನಕ್ಸ್ ಹಾಕಿ, ಕಿತ್ತೂರಿನ ಬೀಜದ ಅಂಗಡಿಗೋ, ಸವದತ್ತಿಯ ಪ್ರಿಂಟಿಂಗ್ ಪ್ರೆಸ್ಸಿಗೋ, ಸಂಗೊಳ್ಳಿಯ ಹಾಲಿನ ಡೇರಿಗೋ ಕೂರಿಸಿ ಬರುತ್ತೇನೆ. ಲಿನಕ್ಸ್ ಯಾಕೆಂದರೆ ಅದು ಬಿಟ್ಟಿ ಸಿಗುತ್ತದೆ, ಮುದಿ ಯಂತ್ರದ ಮೇಲೂ ಉಸಿರುಗಟ್ಟದೆ ಓಡುತ್ತದೆ. ಇದನ್ನು ನಾನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಕೆಟ್ಟದ್ದನ್ನು ಬಿಚ್ಚಿದೆ, ಬಿಚ್ಚಿದ್ದನ್ನು ಕೂಡಿಸಲಾಗದೆ ಅತ್ತೆ, ಅತ್ತು ಮುಗಿಸಿ ಮತ್ತೆ ಬಿಚ್ಚಿದೆ. ಹಾಗೆ ಬಂದ ವಿದ್ಯೆ.

ವ್ಯಾಪಾರದಲ್ಲಿ ನನಗೊಂದು ಕಟ್ಟುನಿಟ್ಟಿನ ನಿಯಮವಿದೆ. ಲಿನಕ್ಸಿನಲ್ಲಿ ದಿನಾ ಕೆಲಸ ಮಾಡುವವರ ಖಾತೆ ಬೇರೆ, ಯಂತ್ರದ ಯಜಮಾನಿಕೆಯ ಖಾತೆ ಬೇರೆ. ಹೊಸಬರನ್ನು ಸೇರಿಸುವುದು, ಹಳಬರನ್ನು ತೆಗೆಯುವುದು, ಹೊಸದೇನಾದರೂ ಹಾಕುವುದು, ಇವೆಲ್ಲ ಯಜಮಾನರ ಕೈಯಲ್ಲಿರುವ ಕೆಲಸ. ಆ ಖಾತೆಯ ಪಾಸ್‌ವರ್ಡನ್ನು ನಾನು ಗಿರಾಕಿಗೆ ಕೊಡುವುದಿಲ್ಲ. ಕೊಟ್ಟರೆ ಏನಾದರೊಂದು ಒತ್ತಿ ಕೆಡಿಸಿಕೊಳ್ಳುತ್ತಾರೆ, ಕೊಡದಿದ್ದರೆ ನನಗೆ ಫೋನ್ ಮಾಡುತ್ತಾರೆ. ಫೋನ್ ಮಾಡುವ ಗಿರಾಕಿ ಬೇರೆ ಅಂಗಡಿಗೆ ಹೋಗುವುದಿಲ್ಲ.

ಈ ನಿಯಮವನ್ನು ಒಬ್ಬರಿಗಾಗಿ ಮಾತ್ರ ಮುರಿದಿದ್ದೇನೆ. ರಾಮದುರ್ಗದಲ್ಲಿ ನನಗೆ ಟೈಪಿಂಗ್ ಕಲಿಸಿದ ಮಾಸ್ತರರಿಗಾಗಿ.

ನಾನು ಕಟಕೋಳದವಳು. ಹತ್ತನೆಯದು ಮುಗಿದ ಮೇಲೆ ಬಸ್ಸು ಹತ್ತಿ ರಾಮದುರ್ಗಕ್ಕೆ ಟೈಪಿಂಗ್ ಕ್ಲಾಸಿಗೆ ಬರುತ್ತಿದ್ದೆ. ಮಾಸ್ತರರ ಮನೆಯ ಮುಂಭಾಗದ ಖೋಲಿಯಲ್ಲಿ ಎಂಟು ಟೈಪ್‌ರೈಟರುಗಳು. ಒಬ್ಬೊಬ್ಬರಿಗೆ ಅರ್ಧ ತಾಸು. ನನಗೆ ಅಷ್ಟು ಸಾಲುತ್ತಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ಕೇಳಿದೆ.

"ಸರ್ರ, ಕ್ಲಾಸ್ ಮುಗಿದ ಮ್ಯಾಲ ಮಷೀನಿನ ಅಕ್ಷರ ಎಲ್ಲಾ ತಿಕ್ಕಿ ಕೊಡತೇನ್ರಿ. ನನಗ ಕಾಲು ತಾಸು ಹೆಚ್ಚು ಕೊಡ್ರಿ."

"ಎಂಟೂ ಮಷೀನು?"

"ನಾಕು ಸರ್ರ. ಇನ್ನ ನಾಕು ನಾಳೆ."

"ಎಂಟು ತಿಕ್ಕು, ಮುಕ್ಕಾಲು ತಾಸು ತಗೋ. ಇಲ್ಲಾಂದ್ರ ಬಸ್ ಹೊಂಟೈತಿ, ಹೋಗು."

"ಆರು ಸರ್ರ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬೇಟಾ, ನೀ ಟೈಪಿಸ್ಟ್ ಆಗಾಕಿ ಅಲ್ಲ. ನೀ ಅಂಗಡಿ ಇಡಾಕಿ," ಎಂದರು. ಆರಕ್ಕೆ ಕುದುರಿತು. ಸೀಮೆಎಣ್ಣೆಯಲ್ಲಿ ಬ್ರಶ್ಶು ಅದ್ದಿ, ಅಕ್ಷರಗಳ ಹೊಟ್ಟೆಯಲ್ಲಿ ತುಂಬಿದ ರಿಬ್ಬನ್ನಿನ ಮಸಿ ತೆಗೆದು ಆ ಕಾಲು ತಾಸು ಗಳಿಸಿದೆ. ನನ್ನ ಬದುಕಿನ ಮೊದಲ ಚೌಕಾಶಿ ಅದು.

ಮಾಸ್ತರರು ಸಿಟ್ಟಿನ ಮನುಷ್ಯರಲ್ಲ, ಆದರೆ ಒಂದು ವಿಷಯದಲ್ಲಿ ಮಾತ್ರ ಅವರ ಫುಟ್‌ಪಟ್ಟಿ ಸುಮ್ಮನಿರುತ್ತಿರಲಿಲ್ಲ. ಪ್ರತಿ ಕೀಲಿಗೆ ಒಂದು ಬೆರಳು ಎಂದು ಗೊತ್ತುಮಾಡಿದೆಯಲ್ಲ, ಆ ಬೆರಳಿನ ಕೆಲಸವನ್ನು ಇನ್ನೊಂದು ಬೆರಳು ಮಾಡಕೂಡದು. ಬಲಗೈ ಕಿರುಬೆರಳಿಗೆ ಪಿ ಅಕ್ಷರ, ಸೆಮಿಕೋಲನ್, ಅಡ್ಡಗೆರೆ (-), ಓರೆಗೆರೆ (/). ದುರ್ಬಲ ಬೆರಳಿಗೇ ಎಷ್ಟು ಕೆಲಸ ನೋಡಿ. ನಾವು ಹುಡುಗಿಯರು ಸೋಮಾರಿತನದಿಂದ ಉಂಗುರದ ಬೆರಳನ್ನು ಅತ್ತ ಚಾಚಿದರೆ ಪಟ್ಟಿ ಬೀಳುತ್ತಿತ್ತು, ಮೆಲ್ಲಗೆ, ಆದರೆ ಬೀಳುತ್ತಿತ್ತು. "ಬಾಜೂ ಮನಿಯವರನ್ನ ಯಾಕ ಕರೀತಿ? ಅದರ ಕೆಲಸ ಅದು ಮಾಡಲಿ." ಚಿಹ್ನೆಗಳ ಪಾಠವನ್ನು ಎಲ್ಲರಿಂದ ಒಟ್ಟಿಗೆ ಕೂಗಿಸುತ್ತಿದ್ದರು. "ಕಾಮಾ ಆದ ಮ್ಯಾಲ?" "ಒಂದು ಜಾಗ ಸರ್ರ!" "ಕೋಲನ್ ಆದ ಮ್ಯಾಲ?" "ಎರಡು ಜಾಗ ಸರ್ರ!"

ಇನ್ನೊಂದು ಪದ್ಧತಿ ಇತ್ತು, ಅದು ಬೇರೆ ಯಾವ ಕ್ಲಾಸಿನಲ್ಲೂ ಇರಲಿಲ್ಲ. ಹೊಸ ವಿದ್ಯಾರ್ಥಿನಿ ಬಂದ ದಿನ ಅವಳನ್ನು ತಮ್ಮ ಪಕ್ಕ ಕೂರಿಸಿಕೊಂಡು, ಬಿಳಿ ಹಾಳೆಯ ನಡುವೆ ಅವಳ ಹೆಸರನ್ನು ತಾವೇ ಹೊಡೆದು ಕೈಗೆ ಕೊಡುತ್ತಿದ್ದರು. ಆಮೇಲೆಯೇ ಪಾಠ. ಇದಕ್ಕೆ "ಹೆಸರು ಹಾಕುವುದು" ಎಂದು ಕರೆಯುತ್ತಿದ್ದರು. ಅಚ್ಚಿನಲ್ಲಿ ನನ್ನ ಹೆಸರನ್ನು ನಾನು ಕಂಡದ್ದು ಅದೇ ಮೊದಲು. ಆ ಹಾಳೆ ಇಂದಿಗೂ ನನ್ನ ಅಂಗಡಿಯ ಗಲ್ಲಾದಲ್ಲಿದೆ, ಮಡಿಕೆಯ ಮೇಲೆ ಹರಿದಿದೆ, ಟೇಪು ಹಚ್ಚಿದ್ದೇನೆ.

ಟೈಪ್‌ರೈಟರುಗಳ ಕಾಲ ಮುಗಿದಾಗ ಮಾಸ್ತರರಿಗೆ ಎಂಟು ಕಂಪ್ಯೂಟರು ಕೂರಿಸಿಕೊಟ್ಟವಳು ನಾನೇ. ಅವರ ಮೇಜಿನ ಯಂತ್ರದಲ್ಲಿ ಒಮ್ಮೆ ಖಾತೆ ತೆರೆದರೆ ಉಳಿದವು ಅದನ್ನೇ ನೋಡಿಕೊಳ್ಳುವ ಹಾಗೆ ಜೋಡಿಸಿದ್ದೆ. ಎಲ್ಲ ಮುಗಿದ ಮೇಲೆ ಅವರು ಕೇಳಿದರು.

"ಕೀಲಿ ಯಾರ ಕಡೆ ಇರತೈತಿ?"

"ನನ್ನ ಕಡೆ ಸರ್ರ. ನೀವು ಫೋನ್ ಮಾಡ್ರಿ, ನಾ ಅಲ್ಲಿಂದನ ಖಾತೆ ತಗದು ಕೊಡತೇನಿ."

"ಮತ್ತ ಹೆಸರು ಯಾರು ಹಾಕೋರು?"

ಪಾಸ್‌ವರ್ಡ್ ಬರೆದುಕೊಟ್ಟೆ. ಕಲಿಸಿದ್ದು ಇಷ್ಟೇ: su ಎಂದು ಎರಡಕ್ಷರ ಹೊಡೆದರೆ ಯಜಮಾನಿಕೆಯ ಗುರುತು ಕೇಳುತ್ತದೆ, ಪಾಸ್‌ವರ್ಡ್ ಕೊಡಿ, adduser ಎಂದು ಹೊಡೆದು ಮುಂದೆ ಹುಡುಗಿಯ ಹೆಸರು ಬರೆಯಿರಿ, ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತ ಹೋಗಿ. ಸಾಲು ಮುಗಿದಾಗ ಒತ್ತುವ ಎಂಟರ್ ಕೀಲಿ ಬಲಗಡೆ ಇದ್ದರೂ ಅವರು ಎಡಗೈ ಚಾಚಿ ಒತ್ತುತ್ತಿದ್ದರು. ಟೈಪ್‌ರೈಟರಿನಲ್ಲಿ ಗಾಡಿ ಎಳೆಯುವ ಹಿಡಿಕೆ ಎಡಗಡೆ ಇತ್ತಲ್ಲ, ಆ ಕೈಗೆ ಆ ಕೆಲಸ ಸೇರಿಹೋಗಿತ್ತು. ಬಿಟ್ಟುಬಿಟ್ಟೆ. ಹೀಗೆ ಎಷ್ಟೋ ವರ್ಷ ಅವರೇ ಖಾತೆ ತೆರೆದು, ಹೆಸರಿನ ಹಾಳೆಯನ್ನು ಪ್ರಿಂಟರಿನಿಂದ ತೆಗೆದುಕೊಟ್ಟು ಹೆಸರು ಹಾಕುತ್ತ ಬಂದರು.

ಕೆಡಿಸಿದ್ದು ನಾನು. ಈಚೆಗೆ ಒಮ್ಮೆ ಆ ಕಡೆ ಹೋದಾಗ ಮಾಸ್ತರರು ನಮಾಜಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಅವರ ಯಂತ್ರಕ್ಕೆ ಲಿನಕ್ಸಿನ ಹೊಸ ಆವೃತ್ತಿ ಹಾಕಿ, ಎಲ್ಲ ಸರಿ ಇದೆಯೆಂದು ಮೇಲೆಮೇಲೆ ನೋಡಿ, ಬಸ್ಸಿಗೆ ಹೊತ್ತಾಯಿತೆಂದು ಬಂದುಬಿಟ್ಟೆ. ಆಮೇಲೆ ಒಂದು ವಾರಕ್ಕೆ ಫೋನು.

"ಬೇಟಾ, adduser ಸಿಗವಲ್ದಂತ. ನಾ ಸರಿಯಾಗೇ ಹೊಡೀತೇನಿ. ಸಿಗಲಿಲ್ಲ ಅಂತೈತಿ."

ಫೋನ್ ಕಿವಿಯಲ್ಲಿರುವಾಗಲೇ ನನಗೆ ರೋಗ ತಿಳಿಯಿತು. ಇದನ್ನು ಬಿಡಿಸಿ ಹೇಳುತ್ತೇನೆ, ನಿಮಗೂ ಎಂದಾದರೂ ಉಪಯೋಗಕ್ಕೆ ಬಂದೀತು. ಯಂತ್ರಕ್ಕೆ ಒಂದು ಆಜ್ಞೆಯ ಹೆಸರು ಹೇಳಿದರೆ ಅದು ತನ್ನ ಹೊಟ್ಟೆಯೆಲ್ಲ ಹುಡುಕುವುದಿಲ್ಲ. ಅದರ ಬಳಿ ಒಂದು ಪಟ್ಟಿ ಇರುತ್ತದೆ. ಚಿಕ್ಕವಳಿದ್ದಾಗ ನನ್ನ ಅವ್ವ ಸಂತೆಗೆ ಕಳಿಸುವಾಗ ಹೇಳುತ್ತಿದ್ದಳು: ಮೊದಲು ಮೂಲೆಯ ಅಂಗಡಿಯಲ್ಲಿ ನೋಡು, ಅಲ್ಲಿ ಇಲ್ಲದಿದ್ದರೆ ಬಾವಿ ಎದುರಿನದು, ಅಲ್ಲೂ ಇಲ್ಲದಿದ್ದರೆ ಬಸ್‌ಸ್ಟ್ಯಾಂಡಿನದು, ಮೂರರಲ್ಲೂ ಸಿಗದಿದ್ದರೆ ಅಲೆದಾಡಬೇಡ, ಸಿಗಲಿಲ್ಲ ಎಂದು ಮನೆಗೆ ಬಾ. ಯಂತ್ರದ ಪಟ್ಟಿಯೂ ಹಾಗೆಯೇ, ಅಂಗಡಿಗಳ ಬದಲು ಕಡತಗಳ ಖಾನೆಗಳು. ಯಜಮಾನನ ಪಟ್ಟಿಯಲ್ಲಿ ಒಂದೆರಡು ಖಾನೆ ಹೆಚ್ಚು ಇರುತ್ತವೆ, adduser ಇರುವುದು ಅಲ್ಲಿ. ಹಳೆಯ ಆವೃತ್ತಿಯಲ್ಲಿ su ಎಂದರೆ ಸಾಕು, ಯಜಮಾನಿಕೆಯ ಜೊತೆ ಯಜಮಾನನ ಪಟ್ಟಿಯೂ ಬರುತ್ತಿತ್ತು. ಹೊಸದರಲ್ಲಿ ಅಧಿಕಾರ ಬರುತ್ತದೆ, ಪಟ್ಟಿ ಮಾತ್ರ ಹಳೆಯದೇ ಉಳಿಯುತ್ತದೆ. ದೊಡ್ಡ ಅಧಿಕಾರಿಯಾಗಿ ಕುರ್ಚಿಯ ಮೇಲೆ ಕೂತವನಿಗೆ ಬೀರು ಎಲ್ಲಿದೆ ಎಂದು ಗೊತ್ತಿಲ್ಲದ ಹಾಗೆ.

"ಸರ್ರ, ಭಾಳ ಸರಳ ಐತಿ. su ಆದ ಮ್ಯಾಲ ಒಂದು ಜಾಗ ಬಿಟ್ಟು ಅಡ್ಡಗೆರಿ ಹಾಕ್ರಿ. ಪಟ್ಟಿನೂ ಬರತೈತಿ."

ಅತ್ತ ಸ್ವಲ್ಪ ಹೊತ್ತು ಮಾತಿಲ್ಲ. "ಆತವಾ," ಎಂದರು.

ನಾಲ್ಕು ದಿನ ಬಿಟ್ಟು ನಾನೇ ಕೇಳಿದೆ, ಸರಿ ಹೋಯಿತೇ ಎಂದು. ಇಲ್ಲವಂತೆ. ನನಗೆ ಸ್ವಲ್ಪ ಬೇಸರವೂ ಆಯಿತು; ವಯಸ್ಸಾಯಿತು, ಮರೆಯುತ್ತಾರೆ ಎಂದುಕೊಂಡೆ. "ಹಂಗಾರ ಪೂರ್ತಿ ವಿಳಾಸ ಬರೀರಿ ಸರ್ರ. ಓರೆಗೆರಿ, usr, ಓರೆಗೆರಿ, sbin, ಓರೆಗೆರಿ, adduser. ಪಟ್ಟೀನ ಬ್ಯಾಡ ಅದಕ್ಕ." ಮತ್ತೆ ಅದೇ ಮೌನ, ಅದೇ "ಆತವಾ".

ಅವರ ಮೊದಲ ಫೋನಿನಿಂದ ಎಂಟನೆಯ ದಿನ ಅವರ ಮಗಳ ಫೋನು ಬಂತು. ಅವಳು ಅಲ್ಲಿಯೇ ಆಸ್ಪತ್ರೆಯಲ್ಲಿ ನರ್ಸು, ತಂದೆಯ ಜೊತೆಗೇ ಇರುತ್ತಾಳೆ.

"ಅಕ್ಕಾ, ಅಬ್ಬಾ ಹೊಸ ಬ್ಯಾಚಿನವರ ಒಂದು ಹೆಸರೂ ಹಾಕಿಲ್ಲ. ದಿನಾ ಒಂದು ನೆವ ಹೇಳಿ ಕಳಸ್ತಾರ. ನಿನ್ನೆ ರಾತ್ರಿ ಊಟಕ್ಕ ಕುಂತಾಗ ಅಂದ್ರು, ಹೆಸರು ನನ್ನ ಕೈಲೆ ಹಾಕೂದು ಆಗಲಿಲ್ಲಂದ್ರ ಐತವಾರಕ್ಕ ಕ್ಲಾಸ್ ಮುಚ್ಚೂದು ಅಂತ."

"ನಾ ಇಲ್ಲಿಂದನ ಎಲ್ಲಾರ ಹೊಸಾ ಖಾತೆ ತಗೀತೇನವಾ, ಐದು ಮಿನಿಟಿನ ಕೆಲಸ."

"ನೀ ತಗದ್ರ ಇವತ್ತ ಮುಚ್ಚತಾರ." ದನಿ ತಗ್ಗಿಸಿ ಹೇಳಿದಳು: "ಕ್ಲಾಸ್ ಹೋದ್ರ ಅಬ್ಬಾ ಕುಂತಲ್ಲೇ ಒಣಗತಾರ ಅಕ್ಕಾ. ನೀ ಬಂದು ನೋಡು."

ಮರುದಿನ ಬೆಳಿಗ್ಗೆ ಅಂಗಡಿಗೆ ಕೀಲಿ ಹಾಕಿ ಸವದತ್ತಿಯ ಬಸ್ಸು ಹತ್ತಿದೆ, ಅಲ್ಲಿಂದ ರಾಮದುರ್ಗದ ಬಸ್ಸು. ಗಿರಾಕಿಯ ಊರಿಗೆ ಹೋಗುವಾಗ ದಾರಿಯುದ್ದಕ್ಕೂ ನಾನು ಏನು ಕೇಳಬೇಕು, ಎಷ್ಟಕ್ಕೆ ಬಿಡಬೇಕು ಎಂದು ಲೆಕ್ಕ ಹಾಕುತ್ತೇನೆ. ಅಂದು ಮನಸ್ಸಿನಲ್ಲಿ ಒಂದೇ ಕಿರಿಕಿರಿ: ಅಷ್ಟು ಚೊಕ್ಕ ಟೈಪು ಮಾಡುವವರು ಒಂದು ಅಡ್ಡಗೆರೆ ಯಾಕೆ ಹಾಕಲೊಲ್ಲರು?

ಮಾಸ್ತರರು ಖೋಲಿಯಲ್ಲಿ ಒಬ್ಬರೇ ಇದ್ದರು. ಎಂಟು ಯಂತ್ರಗಳಿಗೂ ಬಟ್ಟೆ ಹೊದಿಸಿತ್ತು.

"ಬಂದ್ಯಾ? ನಾ ಕರದಿಲ್ಲಲಾ."

"ನಿಮ್ಮ ಮಗಳ ಚಾ ಕುಡಿಯಾಕ ಬಂದೇನ್ರಿ. ತೋರಸ್ರಿ, ಹೆಂಗ ಹೊಡೀತೀರಿ."

ಅವರು ತಮ್ಮ ಮೇಜಿನ ಯಂತ್ರದ ಬಟ್ಟೆ ಸರಿಸಿ ಕೂತರು. su ಹೊಡೆದರು. ಪಾಸ್‌ವರ್ಡ್ ಕೊಟ್ಟರು. adduser ಎಂದರು. ಸಿಗಲಿಲ್ಲ ಎಂದಿತು.

"ಈಗ ಹೊರಗ ಬಂದು, ಅಡ್ಡಗೆರಿ ಹಾಕಿ ಹೊಡೀರಿ."

ಅವರ ಕೈಗಳು ಕೀಲಿಗಳ ಮೇಲೆ ನಿಂತವು. ಆಗ ನೋಡಿದೆ. ಬಲಗೈಯ ಕಿರುಬೆರಳು ಉಳಿದವುಗಳ ಜೊತೆ ಇರಲಿಲ್ಲ. ಒಳಕ್ಕೆ ಮಡಚಿಕೊಂಡು ಅಂಗೈಗೆ ಒರಗಿತ್ತು, ಮಲಗಿದ ಮಗುವಿನ ಬೆರಳಿನ ಹಾಗೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಕೈಯನ್ನು ಮೇಜಿನ ಕೆಳಗೆ ಇಳಿಸಿದರು.

"ಯಾವಾಗಿಂದ ಸರ್ರ?"

"ಒಂದು ವರ್ಷ ಆತು. ಮೊಳಕೈಯಾಗ ನರ ಒತ್ತೇತಂತ. ಟೇಬಲ್ಲಿನ ಅಂಚಿಗೆ ಮೊಳಕೈ ಊರಿ ನಿಮ್ಮನ್ನೆಲ್ಲಾ ನೋಡಕೋತ ಕುಂತದ್ದರ ಫಲ ಅಂತಾಳ ನನ್ನ ಮಗಳು."

ಚಹಾ ತಂದ ಮಗಳು ಬಾಗಿಲಲ್ಲೇ ನಿಂತು, "ನಾ ಒಬ್ಬಾಕಿ ಅಲ್ಲ, ಡಾಕ್ಟರೂ ಹಂಗ ಅಂದಾರ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಾರ," ಎಂದಳು.

ಅಡ್ಡಗೆರೆ ಕಿರುಬೆರಳಿನದು. ಓರೆಗೆರೆ ಕಿರುಬೆರಳಿನದು. ನಾನು ಫೋನಿನಲ್ಲಿ ಕೊಟ್ಟ ಒಂದೊಂದು ಔಷಧವೂ ಅವರಲ್ಲಿ ಇಲ್ಲದ ಆ ಒಂದು ಬೆರಳನ್ನೇ ಕೇಳಿತ್ತು. ಮೊದಲು ಅವರು ಹೊಡೆಯುತ್ತಿದ್ದ su, adduser ಎರಡರಲ್ಲೂ ಆ ಬೆರಳಿಗೆ ಕೆಲಸವಿರಲಿಲ್ಲ. ಅಷ್ಟರಿಂದ ಅವರ ಕ್ಲಾಸು ನಡೆದಿತ್ತು. ಅಷ್ಟನ್ನೂ ನಾನು ಹೊಸ ಆವೃತ್ತಿ ಹಾಕಿ ಕಸಿದುಕೊಂಡಿದ್ದೆ, ಮೇಲೆ ಮರೆವು ಎಂದು ಮನಸ್ಸಿನಲ್ಲೇ ಆಡಿಕೊಂಡಿದ್ದೆ.

"ಬ್ಯಾರೆ ಬೆರಳಲೆ ಹೊಡದ್ರ ಏನಾಗತೈತ್ರಿ ಸರ್ರ? ಯಾರು ನೋಡತಾರ?"

"ಹೆಸರು ಹಾಕುವಾಗ ಹುಡುಗಿ ನನ್ನ ಬಾಜೂಕ ಕುಂತಿರತಾಳ. ಆಕೀ ನೋಡತಾಳ. ಮೊದಲನೇ ದಿನ ನನ್ನ ಕೈ ನೋಡಿ ಕಲಿಬೇಕು ಆಕಿ. ಬಾಜೂ ಬೆರಳಲೆ ಹೊಡದ್ರ ನಿಮಗೆಲ್ಲಾ ಕೊಟ್ಟ ಏಟಿಗೆ ನಾ ಏನು ಜವಾಬು ಹೇಳ್ಲಿ?"

"ಎಡಗೈಲೆ ಆ ಬೆರಳು ಎತ್ತಿ ಇಡ್ರಿ."

"ಒಬ್ಬನ ಇದ್ದಾಗ ಹಂಗ ಮಾಡತೇನಿ. ಆಕಿ ಮುಂದ ಬ್ಯಾಡ. ಬಂದಾಕಿ ಕೈ ನೋಡಬೇಕು, ಕೈಯಾಗಿನ ಬ್ಯಾನಿ ನೋಡಬಾರದು."

ಚೌಕಾಶಿಯಲ್ಲಿ ಎದುರಿನವರು ಯಾವುದನ್ನು ಬಿಟ್ಟುಕೊಡುವುದಿಲ್ಲ ಎಂಬುದನ್ನು ಬೇಗ ಗುರುತಿಸಬೇಕು, ಗುರುತಿಸಿದ ಮೇಲೆ ಅದರ ಮೇಲೆ ಕೈ ಹಾಕಬಾರದು. ಇವರು ಬೆರಳನ್ನು ಬಿಟ್ಟುಕೊಡುವುದಿಲ್ಲ. ಹಾಗಾದರೆ ಯಂತ್ರವೇ ಬಗ್ಗಬೇಕು. "ಸರಿ ಸರ್ರ, ಏಳ್ರಿ ಆಕಡೆ. su ಒಂದ ಹೊಡದ್ರ ಪಟ್ಟಿ ತಾನ ಬರೂ ಹಂಗ ಮಾಡತೇನಿ," ಎಂದೆ.

ಕೆಲಸ ದೊಡ್ಡದಲ್ಲ. ಯಜಮಾನನ ಖಾತೆ ತೆರೆದಾಗಲೆಲ್ಲ ಯಂತ್ರ ಓದುವ ಒಂದು ಸಣ್ಣ ಕಡತವಿದೆ. ಅದರ ಕೊನೆಯಲ್ಲಿ ಪಟ್ಟಿಯನ್ನು ಒಂದು ಸಾಲಾಗಿ ಬರೆದಿಟ್ಟರೆ ಮುಗಿಯಿತು. ಖಾನೆಯ ಹೆಸರು, ಕೋಲನ್, ಇನ್ನೊಂದು ಖಾನೆಯ ಹೆಸರು, ಕೋಲನ್, ಹೀಗೆ. ನನ್ನ ಕಣ್ಣು ಒದ್ದೆಯಿತ್ತು, ಮಾಸ್ತರರು ಬಲಗಡೆ ಕೂತಿದ್ದರು, ನನ್ನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಓಡಿದವು. ಉಳಿಸಿ, ಹೊರಬಂದು, ಮತ್ತೆ su ಹೊಡೆದೆ.

ಪರದೆಯ ತುಂಬ ತಕರಾರು. ಈಗ adduser ಅಷ್ಟೇ ಅಲ್ಲ, ಖಾನೆಯಲ್ಲಿ ಏನಿದೆ ಎಂದು ತೋರಿಸುವ ಅತಿ ಸಾಮಾನ್ಯ ಆಜ್ಞೆಯೂ ಸಿಗಲಿಲ್ಲ. ಏನು ಹೊಡೆದರೂ ಸಿಗಲಿಲ್ಲ, ಸಿಗಲಿಲ್ಲ.

"ಮೊದಲ ಒಂದು ಸಿಗತಿರಲಿಲ್ಲ," ಎಂದಳು ಮಗಳು. "ಅಕ್ಕ ಬಂದ ಮ್ಯಾಲ ಏನೂ ಸಿಗವಲ್ದು."

ಇಂಥ ಕೆಲಸ ಮಾಡುವಾಗ ಯಜಮಾನಿಕೆಯ ಇನ್ನೊಂದು ಕಿಟಕಿಯನ್ನು ತೆರೆದಿಟ್ಟುಕೊಂಡೇ ಇರಬೇಕು, ಹೊಸದು ಕೆಟ್ಟರೆ ಹಳೆಯದರಿಂದ ತಿದ್ದಲು ಬರುತ್ತದೆ. ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಅಂದು ನಾನೇ ಮರೆತಿದ್ದೆ. ಪಟ್ಟಿ ಇಲ್ಲದ ಯಂತ್ರದಲ್ಲಿ ಪ್ರತಿ ಆಜ್ಞೆಗೂ ಪೂರ್ತಿ ವಿಳಾಸ ಕೊಡಬೇಕು. ಓರೆಗೆರೆ, ಹೆಸರು, ಓರೆಗೆರೆ, ಹೆಸರು, ಹೀಗೆ ಒಂದೊಂದಾಗಿ ಹೊಡೆದು ಆ ಕಡತವನ್ನು ಮತ್ತೆ ತೆರೆದೆ. ಓರೆಗೆರೆ ಬಂದಾಗಲೆಲ್ಲ ನನ್ನ ಬಲಗೈ ಕಿರುಬೆರಳು ಇಳಿದು ಎದ್ದು ಬರುತ್ತಿತ್ತು. ಮಾಸ್ತರರು ಪರದೆ ನೋಡುತ್ತಿರಲಿಲ್ಲ, ಆ ಬೆರಳನ್ನು ನೋಡುತ್ತಿದ್ದರು.

"ಬೆರಳು ಚಲೋ ಐತಿ," ಎಂದರು ಮೆಲ್ಲಗೆ. "ಮರತಿಲ್ಲ ನೀ."

"ಸಾಲಿನಾಗ ಏನು ತಪ್ಪೈತಿ ಕಾಣವಲ್ದು ಸರ್ರ. ಎಲ್ಲಾ ಸರಿ ಐತಿ."

ಅವರು ಕನ್ನಡಕ ಏರಿಸಿ, ಮೇಜಿನ ಮೇಲಿದ್ದ ಪೆನ್ಸಿಲ್ಲಿನ ತುದಿಯನ್ನು ಪರದೆಗೆ ತಾಗದ ಹಾಗೆ ಹಿಡಿದು, ನನ್ನ ಹಳೆಯ ಪೇಪರುಗಳನ್ನು ತಿದ್ದುತ್ತಿದ್ದ ಹಾಗೆಯೇ ಒಂದೊಂದು ಅಕ್ಷರಕ್ಕೂ ನಿಂತು ನಿಂತು ಬಂದರು. ಮೊದಲ ಕೋಲನ್ನಿನ ಹತ್ತಿರ ಪೆನ್ಸಿಲ್ಲು ನಿಂತಿತು.

"ಇಲ್ಲಿ ಎರಡು ಜಾಗ ಬಿಟ್ಟಿ."

"ಹೌದ್ರಿ..."

"ಎಲ್ಲಾ ಕೋಲನ್ನಿಗೂ ಬಿಟ್ಟಿ. ಯಂತ್ರಕ್ಕ ನಡೀತೈತೇನು?"

ನಡೆಯುವುದಿಲ್ಲ. ಜಾಗ ಬಿಟ್ಟಲ್ಲಿ ಪಟ್ಟಿ ಮುಗಿಯಿತೆಂದು ಅದು ತಿಳಿಯುತ್ತದೆ, ಉಳಿದದ್ದನ್ನೆಲ್ಲ ಬೇರೇನೋ ಎಂದುಕೊಳ್ಳುತ್ತದೆ. ಇಂಥ ಸಾಲನ್ನು ನಾನು ಎಷ್ಟು ಯಂತ್ರಗಳಲ್ಲಿ ಬರೆದಿಲ್ಲ! ಎಲ್ಲಿಯೂ ಹೀಗಾಗಿರಲಿಲ್ಲ. ಆ ಖೋಲಿಯಲ್ಲಿ, ಆ ಮೇಜಿನ ಮುಂದೆ, ಅವರನ್ನು ಬಲಗಡೆ ಇಟ್ಟುಕೊಂಡು ಕೂತಾಗ ಮಾತ್ರ ಹೆಬ್ಬೆರಳು ಹದಿನಾರು ವರ್ಷದ ಹುಡುಗಿಯದಾಗಿ ಪ್ರತಿ ಕೋಲನ್ನಿಗೂ ಎರಡು ಸಲ ಕುಣಿದಿತ್ತು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳಬೇಕಾಯಿತು. "ತಪ್ಪು ನಿಂದಲ್ಲ ಬೇಟಾ. ಕಲಿಸಿದಾಂವಂದು. ತಗೋ, ಹೊಡಿ ನನಗ," ಎಂದು ಫುಟ್‌ಪಟ್ಟಿಯನ್ನು ನನ್ನತ್ತ ತಳ್ಳಿದರು.

ಜಾಗಗಳನ್ನು ಅಳಿಸಿದೆ. ಸಾಲು ಹೀಗೆ ಉಳಿಯಿತು:

export PATH=/usr/local/sbin:/usr/local/bin:/usr/sbin:/usr/bin:/sbin:/bin

ಮತ್ತೆ su. ಈ ಸಲ ಎಲ್ಲ ಸಿಕ್ಕಿತು. ಮಾಸ್ತರರನ್ನು ಕೂರಿಸಿ ಅವರ ಕೈಯಿಂದಲೇ ಹೊಡೆಸಿದೆ. ಎಡಗೈ ಚಾಚಿ ಎಂಟರ್ ಒತ್ತಿದರು. adduser ತಕರಾರಿಲ್ಲದೆ ಹೆಸರು ಕೇಳಿತು. ಅವರ ಭುಜ ಎರಡು ಬೆರಳಿನಷ್ಟು ಕೆಳಗಿಳಿದದ್ದನ್ನು ನಾನೂ ಮಗಳೂ ನೋಡಿದೆವು.

ಸಮಾಧಾನವಾದ ಕೂಡಲೇ ಅವರಿಗೆ ಆಸೆ ಹುಟ್ಟಿತು. ಹೊಸಬರ ಖಾತೆಯೊಳಗೆ ಮೊದಲ ಪಾಠಗಳನ್ನು ತಾನಾಗಿ ಇಡುವ ಒಂದು ಸಣ್ಣ ಆಜ್ಞೆಯನ್ನು ನಾನು ಹಿಂದೆ ಬರೆದುಕೊಟ್ಟಿದ್ದೆ. ಅದು ಎಲ್ಲರೂ ಬಳಸುವ ಪಾಠದ ಖಾನೆಯಲ್ಲಿತ್ತು. ಅದನ್ನು ಓಡಿಸಲು ಹೆಸರಿನ ಮುಂದೆ ಒಂದು ಚುಕ್ಕಿ, ಒಂದು ಓರೆಗೆರೆ ಬೇಕು.

"ಹಂಗಾರ ನಾ ಯಾವ ಖಾನೇದಾಗ ಇರತೇನಿ, ಆ ಖಾನೇನೂ ಪಟ್ಟಿಗೆ ಸೇರಿಸಿಬಿಡು. ಚುಕ್ಕಿ ಗೆರಿ ಎರಡೂ ತಪ್ಪತಾವು."

"ಅದೊಂದು ಕೇಳಬ್ಯಾಡ್ರಿ ಸರ್ರ. ಪಾಠದ ಖಾನೇದಾಗ ಎಲ್ಲಾರೂ ಕೈ ಹಾಕತಾರ. ಯಾರರ ಅಲ್ಲೊಂದು ಆಜ್ಞೆ ಇಟ್ಟುಹೋದ್ರ, ನೀವು ಯಜಮಾನಿಕಿ ತಗೊಂಡು ಗೊತ್ತಿಲ್ಲದ ಅದನ್ನ ಓಡಸ್ತೀರಿ. ಬಾಗಲಾಗ ಬಂದು ಕುಂತಾಂವನ ಕಡೆ ಕಣ್ಣು ಮುಚ್ಚಿ ಸಂತಿ ಮಾಡಿದಂಗ ಆಗತೈತಿ."

"ನನ್ನ ಹುಡುಗ್ಯಾರು ಅಂಥಾವರಲ್ಲ."

"ಅಲ್ಲರಿ. ಆದ್ರ ರೂಲ್ ಐತಿ."

"ಮಾಸ್ತರನ ಸಲುವಾಗಿ ಒಂದು ಬಿಟ್ಟಕೊಡು."

"ಉಂಗುರದ ಬೆರಳಲೆ ಪಿ ಹೊಡೀತೇನ್ರಿ ಅಂದಾಗ ನೀವು ಬಿಟ್ಟಕೊಟ್ಟೀರೇನು?"

ಬಾಗಿಲಲ್ಲಿ ಮಗಳು ಸೆರಗು ಬಾಯಿಗೆ ಅಡ್ಡ ಹಿಡಿದಳು. ಮಾಸ್ತರರು ಸೋತರು, ಸೋತದ್ದಕ್ಕೆ ಖುಷಿಯಾಗಿದ್ದರು. ನಾನು ಆ ಆಜ್ಞೆಯನ್ನೇ ಎತ್ತಿ, ಯಜಮಾನನ ಪಟ್ಟಿಯ ಮೊದಲ ಖಾನೆಗೆ ಸಾಗಿಸಿದೆ. ಅಲ್ಲಿ ಬೇರೆ ಯಾರೂ ಏನನ್ನೂ ಇಡಲಾರರು. ಈಗ ಬರಿ ಹೆಸರು ಹೊಡೆದರೆ ಸಾಕು, ಚುಕ್ಕಿ ಬೇಡ, ಗೆರೆ ಬೇಡ. ನೀವೂ ಹೀಗೇ ಮಾಡಿ. ಸೌಕರ್ಯಕ್ಕೆಂದು ಬಾಗಿಲು ತೆರೆದಿಡುವ ಬದಲು ಬೇಕಾದ ಸಾಮಾನನ್ನು ಒಳಗೆ ತಂದಿಟ್ಟುಕೊಳ್ಳಿ.

ಅಷ್ಟರಲ್ಲಿ ಹತ್ತು ದಿನದಿಂದ ಬಂದು ಬಂದು ವಾಪಸ್ಸಾಗುತ್ತಿದ್ದವಳೊಬ್ಬಳು ಬಾಗಿಲಿಗೆ ಬಂದಳು. ಸಣ್ಣ ಊರಿನಿಂದ ಬಸ್ಸಿಗೆ ಬರುವ ಮದುವೆಯಾದ ಹೆಣ್ಣುಮಗಳು, ಸರಕಾರಿ ಟೈಪಿಂಗ್ ಪರೀಕ್ಷೆಗೆ ಕೂರುವವಳು. ಚಪ್ಪಲಿ ಬಿಡದೆ ಹೊರಗೇ ನಿಂತು ಕೇಳಿದಳು.

"ಇವತ್ತರ ಐತೇನ್ರಿ ಸರ್ರ ಕ್ಲಾಸು, ಇಲ್ಲಾ ಮತ್ತ ನಾಳೆ ಬಾ ಅಂತೀರಿ?"

"ಬಾರವಾ. ಬಾಜೂಕ ಕುಂದರು. ಹೆಸರು ಹಾಕೂಣು."

ಅವಳು ಹೆಸರು ಹೇಳಿದಳು. ಹೆಸರಿನ ಮೊದಲ ಅಕ್ಷರವೇ ಪಿ. ಬೆರಳು ಮಲಗಿದ ಮೇಲೆ ಅಂಥ ಹೆಸರು ಬಂದದ್ದು ಇದೇ ಮೊದಲಂತೆ.

ಇಡೀ ದಿನ ನಾನು ಮಾಡಿದ್ದು ಆಜ್ಞೆಗಳಿಂದ ಆ ಬೆರಳಿಗೆ ಬಿಡುವು ಕೊಡುವ ಕೆಲಸ. ಹೆಸರಿಗೆ ಅಂಥ ಉಪಾಯ ಯಾವ ಕಡತದಲ್ಲಿಯೂ ಇಲ್ಲ. ಮಾಸ್ತರರು su ಹೊಡೆದರು, ಪಾಸ್‌ವರ್ಡ್ ಕೊಟ್ಟರು, adduser ಎಂದರು, ಜಾಗ ಬಿಟ್ಟರು, ನಿಂತರು. ಅವರ ಕಿವಿಯ ಹತ್ತಿರ ಬಗ್ಗಿ ಕೇಳಿದೆ, "ಮೊದಲನೇ ಅಕ್ಷರ ಒಂದು ನಾ ಹೊಡೀಲೇನ್ರಿ?"

"ಬ್ಯಾಡ."

ಅವರು ಎಡಗೈಯನ್ನು ಎತ್ತಿದರು. ಮಡಚಿಕೊಂಡಿದ್ದ ಆ ಕಿರುಬೆರಳನ್ನು, ಹೂವಿನ ಎಸಳು ಬಿಡಿಸುವಷ್ಟು ಮೆತ್ತಗೆ, ಬಿಡಿಸಿದರು. ಅದನ್ನು ಎಡಗೈಯ ಎರಡು ಬೆರಳುಗಳಲ್ಲಿ ಹಿಡಿದು ಕೀಲಿಯ ಮೇಲೆ ಇಟ್ಟು ಒತ್ತಿದರು. ಪಕ್ಕದಲ್ಲಿದ್ದವಳು ಎಲ್ಲ ನೋಡುತ್ತಿದ್ದಳು. ಅವರು ಕೈ ಮುಚ್ಚಿಕೊಳ್ಳಲಿಲ್ಲ.

"ಬೆರಳಿಗೆ ಏನಾಗೇತ್ರಿ ಸರ್ರ?"

"ರಿಟಾಯರ್ ಆಗೇತವಾ. ಆದ್ರ ಕೆಲಸ ಇದ್ದಾಗ ಕರದ್ರ ಬರತೈತಿ."

ಉಳಿದ ಅಕ್ಷರಗಳು ಮೊದಲಿನ ವೇಗದಲ್ಲೇ ಬಂದವು. ಎಡಗೈ ಚಾಚಿ ಗಾಡಿ ಎಳೆದ ಹಾಗೆ ಎಂಟರ್ ಒತ್ತಿದರು. ಪ್ರಿಂಟರಿನಿಂದ ಅವಳ ಹೆಸರಿನ ಹಾಳೆಯೂ ಬಂತು.

ಅಂದಿನಿಂದ ನಾನು ಎಲ್ಲರಿಗೂ ಪಾಸ್‌ವರ್ಡ್ ಕೊಡತೊಡಗಿದೆ ಎಂದುಕೊಳ್ಳಬೇಡಿ. ವ್ಯಾಪಾರ ಹಾಗೆ ನಡೆಯುವುದಿಲ್ಲ. ಆದರೆ ಫೋನಿನಲ್ಲಿ ಯಾರಾದರೂ "ಆತು" ಎನ್ನುವ ಮೊದಲು ಸ್ವಲ್ಪ ಸುಮ್ಮನಾದರೆ ಈಗ ನಾನು ಆ ಮೌನವನ್ನು ಕೇಳಿಸಿಕೊಳ್ಳುತ್ತೇನೆ, ಫ್ಯಾನಿನ ಸದ್ದು ಕೇಳಿದ ಹಾಗೆ. ಮುಂದಿನ ಬಸ್ಸಿಗೆ ಹೋಗಿ ಕೈ ನೋಡಿ ಬರುತ್ತೇನೆ.

ನಾನು ಹೊರಟಾಗ ಐದೂವರೆಯ ಬಸ್ಸಿಗೆ ಹೊತ್ತಾಗಿತ್ತು. ಮಗಳು ಉಳಿದ ಏಳು ಯಂತ್ರಗಳ ಹೊದಿಕೆ ತೆಗೆಯುತ್ತಿದ್ದಳು. ಹೊಸಬಳು ಬಲಗೈಯ ಕಿರುಬೆರಳನ್ನು ಸೆಮಿಕೋಲನ್ನಿನ ಮೇಲಿಟ್ಟು ಮೊದಲ ಪಾಠ ಶುರುಮಾಡಿದ್ದಳು. ಎರಡನೆಯ ಸಾಲಿಗೇ ದಣಿದು ಉಂಗುರದ ಬೆರಳನ್ನು ಅತ್ತ ಚಾಚಿದಳು. ಬಾಗಿಲು ದಾಟುವಾಗ ಹಿಂದಿನಿಂದ ಫುಟ್‌ಪಟ್ಟಿಯ ಸದ್ದು ಕೇಳಿಸಿತು, ಮೆಲ್ಲಗೆ.